ಊಟದ ಕೊನೆಯ ಗ್ಲಾಸಿನ ಬಗ್ಗೆ ನಮ್ಮ ಗ್ರಾಹಕರಿಗೊಂದು ಪತ್ರ

ಫ್ಲಾರೆನ್ಸ್‌ನಿಂದ ನಮಸ್ಕಾರ,

ಇಲ್ಲಿ ನಮ್ಮ ಮನೆಯಲ್ಲಿ ಇಟಲಿಯ ಟಸ್ಕನಿ ಸೀಮೆಯ ಊಟ ಮಾಡಿ ಹೋದವರಿಗೂ, ಮುಂದೆ ಬರಲು ಬುಕ್ ಮಾಡಿದವರಿಗೂ ಈ ಪತ್ರ. ಅಕ್ಟೋಬರ್ 1ರಿಂದ ಊಟದ ಕೊನೆಯಲ್ಲಿ ವಿನ್ ಸಾಂತೊ ಎಂಬ ಸಿಹಿ ವೈನ್ ಜೊತೆ ತಿರಾಮಿಸು (ಕಾಫಿ, ಕೆನೆಯಂಥ ಚೀಸ್ ಹಾಕಿದ ಸಿಹಿತಿಂಡಿ) ಕೊಡುವುದಿಲ್ಲ. ಬದಲಿಗೆ ಕಾಂತುಚ್ಚಿ ಎಂಬ ಬಾದಾಮಿ ಬಿಸ್ಕತ್ತು ಮತ್ತು ಒಂದು ತುಂಡು ಚೀಸ್. ಒಬ್ಬರಿಗೆ 4 ಯೂರೋ ಜಾಸ್ತಿಯಾಗುತ್ತದೆ.

"ವೈನ್ ಸಿಹಿ ಅಂದಿದ್ರಿ, ಇದು ಸ್ವಲ್ಪ ಹುಳಿ ಅಲ್ವಾ?" ಅಂತ ನಿಮ್ಮಲ್ಲಿ ಹಲವರು ಕೇಳಿದ್ದಿರಿ. ಅಭ್ಯಾಸ ಇಲ್ಲದ್ದಕ್ಕೆ ಹಾಗನ್ನಿಸುತ್ತೆ ಅಂದುಕೊಂಡು ನಾವು ನಕ್ಕು ಸುಮ್ಮನಾಗಿದ್ದೆವು. ತಪ್ಪು ನಮ್ಮದೇ. ಹೋಳಿಗೆ ತಿಂದು ಕಾಫಿ ಕುಡಿದರೆ ಸಕ್ಕರೆಯೇ ಹಾಕಿಲ್ಲ ಅನ್ನಿಸುವುದಿಲ್ಲವೇ, ತಿರಾಮಿಸು ಜೊತೆ ಈ ವೈನೂ ಹಾಗೇ. ತಿನ್ನುವುದು ವೈನಿಗಿಂತ ಸಿಹಿಯಾಗಿದ್ದರೆ ವೈನ್ ಸಪ್ಪೆಯಾಗಿ, ಹುಳಿಯಾಗಿ ಕಾಣುತ್ತದೆ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಇಷ್ಟು ದಿನ ಕೊಡುತ್ತಿದ್ದದ್ದು 'ಲಿಕೊರೋಸೊ' ಬಗೆಯದು, ಅಂದರೆ ಹೊರಗಿನಿಂದ ಮದ್ಯಸಾರ ಸೇರಿಸಿದ ಅಗ್ಗದ ಬಾಟಲಿ. ಇನ್ನು ಮುಂದೆ ಟಸ್ಕನಿಯದೇ ಆದ ಕಿಯಾಂತಿ ಕಡೆಯ ಅಸಲಿ ವಿನ್ ಸಾಂತೊ ತರಿಸುತ್ತೇವೆ. 4 ಯೂರೋ ಹೋಗುವುದು ಅದಕ್ಕೇ.

ಯಾಕಿಷ್ಟು ದುಬಾರಿ? ತ್ರೆಬಿಯಾನೊ, ಮಾಲ್ವಾಸಿಯಾ ದ್ರಾಕ್ಷಿ ಗೊಂಚಲುಗಳನ್ನು ಅಟ್ಟದಲ್ಲಿ ನೇತುಹಾಕಿಯೋ ಚಾಪೆಯ ಮೇಲೆ ಹರಡಿಯೋ ತಿಂಗಳುಗಟ್ಟಲೆ ಒಣಗಿಸುತ್ತಾರೆ. ವಿಜಯಪುರದಲ್ಲಿ ಒಣದ್ರಾಕ್ಷಿ ಮಾಡುವುದನ್ನು ನೋಡಿದವರಿಗೆ ಈ ಕೆಲಸ ಹೊಸದಲ್ಲ. ನೀರೆಲ್ಲ ಆರಿ, ಹಿಂಡಿದಾಗ ಸಿಗುವುದು ಸ್ವಲ್ಪವೇ. ಆ ರಸವನ್ನು ಕರಾತೆಲ್ಲಿ ಎಂಬ ಪುಟ್ಟ ಪೀಪಾಯಿಗಳಿಗೆ ತುಂಬಿ ಬಾಯಿ ಮುಚ್ಚುತ್ತಾರೆ. ಹಳೆಯ ಮನೆತನಗಳಲ್ಲಿ ಪೀಪಾಯಿಯ ತಳದಲ್ಲಿ ಹಿಂದಿನ ಸಲದ ಗಷ್ಟು ಬಿಟ್ಟಿರುತ್ತಾರೆ. ಅದನ್ನು 'ಮಾದ್ರೆ', ತಾಯಿ, ಅನ್ನುತ್ತಾರೆ. ನಾವು ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ. ಪೀಪಾಯಿ ಇಡುವುದೂ ಅಟ್ಟದಲ್ಲೇ. ಬೇಸಿಗೆಯ ಸೆಕೆಗೆ ಹುದುಗು ಏಳುತ್ತದೆ, ಚಳಿಗೆ ನಿಲ್ಲುತ್ತದೆ, ಮತ್ತೆ ಏಳುತ್ತದೆ. ಹೀಗೆ ಕನಿಷ್ಠ ಎರಡು ಮೂರು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ. ಬಣ್ಣ ಜೇನಿನದು, ಪರಿಮಳ ಒಣ ಅಂಜೂರ, ಅಕ್ರೋಟಿನದು.

ಕಾಂತುಚ್ಚಿ ಪ್ರಾತೊ ಊರಿನ ಬಗೆಯದು. ಅಲ್ಲಿ ಅಂತೋನಿಯೊ ಮತ್ತೇಯಿ 1858ರಲ್ಲಿ ತೆರೆದ ಅಂಗಡಿ ಇವತ್ತಿಗೂ ನಡೆಯುತ್ತಿದೆ. ಬಿಸ್ಕತ್ತು ಗಟ್ಟಿ, ಹಲ್ಲು ಜೋಪಾನ. ಚಹಾಕ್ಕೆ ಟೋಸ್ಟ್ ಅದ್ದುವ ಹಾಗೆ ಇದನ್ನು ವೈನಿಗೆ ಅದ್ದಿ ತಿನ್ನುವುದು ಇಲ್ಲಿನ ರೂಢಿ. ಆದರೆ ನಮ್ಮ ಮಾತು ಕೇಳುವುದಾದರೆ ಮೊದಲು ಎರಡು ಗುಟುಕು ಸುಮ್ನೆ ಕುಡಿಯಿರಿ, ಆಮೇಲೆ ಅದ್ದಿ. ಒಳ್ಳೆ ವೈನಿಗೆ ಮೊದಲೇ ಬಿಸ್ಕತ್ತಿನ ಪುಡಿ ಉದುರಿಸಿದರೆ ನಮಗೆ ಹೊಟ್ಟೆ ಉರಿಯುತ್ತದೆ.

ಚೀಸ್ ಜೊತೆ ಅಂದರೆ ಕೆಲವರು ಹುಬ್ಬೇರಿಸುತ್ತೀರಿ. ಪೆಕೊರೀನೊ ಎಂಬ ಕುರಿ ಹಾಲಿನ ಹಳೆಯ ಚೀಸಿನ ಉಪ್ಪು, ಗೊರ್ಗೊಂಜೋಲಾ ಎಂಬ ನೀಲಿ ಬೂಷ್ಟಿನ ಚೀಸಿನ ಖಾರವಾದ ವಾಸನೆ, ಎರಡಕ್ಕೂ ಈ ಸಿಹಿ ಚೆನ್ನಾಗಿ ಒಗ್ಗುತ್ತದೆ. ನಮಗಂತೂ ಬಿಸ್ಕತ್ತಿಗಿಂತ ಇದೇ ಇಷ್ಟ. ಚಾಕೊಲೇಟ್ ಮಾತ್ರ ಬೇಡ, ವೈನಿನ ರುಚಿಯನ್ನೆಲ್ಲ ಅದೇ ನುಂಗಿಬಿಡುತ್ತದೆ.

ಸಸ್ಯಾಹಾರಿಗಳು ದಯವಿಟ್ಟು ಗಮನಿಸಿ: ಕಾಂತುಚ್ಚಿಯಲ್ಲಿ ಮೊಟ್ಟೆ ಇದೆ. ಇಲ್ಲಿನ ಹೆಚ್ಚಿನ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ ಹಾಲು ಒಡೆಸಿದ ಪೆಕೊರೀನೊ ಕೂಡ ಸಿಗುತ್ತದೆ. ಬೇಕಾದವರು ಎರಡು ದಿನ ಮುಂಚೆ ಹೇಳಿ, ತಂದಿಡುತ್ತೇವೆ. ಮೊಟ್ಟೆ ತಿನ್ನದವರಿಗೆ ಒಣ ಅಂಜೂರ, ಅಕ್ರೋಟು ಇರುತ್ತದೆ.

ವೈನ್ ಬೇಡ ಅನ್ನುವವರಿಗೆ ಕಾಫಿ, ಹಳೆಯ ದರವೇ. ಈಗಾಗಲೇ ದುಡ್ಡು ಕಟ್ಟಿದವರಿಂದಲೂ ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ. ತಿರಾಮಿಸು ಬೇಕೇಬೇಕು ಅನ್ನುವ ಮಕ್ಕಳಿದ್ದರೆ ಹೇಳಿ, ಮಾಡಿಕೊಡುತ್ತೇವೆ. ದೊಡ್ಡವರು ಕೇಳಿದರೂ ಮಾಡಿಕೊಡುತ್ತೇವೆ, ಕಾಫಿ ಜೊತೆ.

ಇಂತಿ,
ಫ್ಲಾರೆನ್ಸ್‌ನ ನಿಮ್ಮ ಊಟದ ಮನೆಯವರು