ಜಿಲ್ಲೆಯ ಗಡಿ ಮರಳಿಗೇ ಮುಗಿದರೆ ಹೇಗೆ?

ಮಾನ್ಯರೇ,

ಕಡಲಜೀವಿಗಳ ದಾಖಲೆ ಹುಡುಕುವುದು ನಿವೃತ್ತಿಯ ನಂತರ ನನಗೆ ಅಂಟಿದ ಗೀಳು. ನಾನು ಬಳಸುವ ಜಾಲತಾಣದಲ್ಲಿ ‘ಉತ್ತರ ಕನ್ನಡ’ ಎಂದು ಒತ್ತಿದರೆ ಕಾರವಾರದಿಂದ ಭಟ್ಕಳದವರೆಗಿನ ನೆಲವೆಲ್ಲ ಬರುತ್ತದೆ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲಿನ ಹವಳ, ಮೀನು ಒಂದೂ ಬರುವುದಿಲ್ಲ. ಗಡಿಗೆರೆಯನ್ನು ದಡದಲ್ಲೇ ನಿಲ್ಲಿಸಿದ್ದಾರೆ. ಕಾನೂನು ಹಾಗೆ ನಿಂತಿಲ್ಲವಲ್ಲ! 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ಮೀನುಗಾರಿಕೆ ರಾಜ್ಯದ ಸುಪರ್ದಿಯಲ್ಲೇ ಇದೆ.

ತಾಲ್ಲೂಕುಗಳದ್ದು ಇನ್ನೊಂದು ರಗಳೆ. 2018ರಲ್ಲಿ ತಾಲ್ಲೂಕಾದ ನಮ್ಮ ಬೈಂದೂರು ಆ ಜಾಲತಾಣದಲ್ಲಿ ಇನ್ನೂ ಕುಂದಾಪುರದ ಹೊಟ್ಟೆಯೊಳಗಿದೆ. ಬರೀ ಹೆಸರು ನಂಬಿದರೂ ಕಷ್ಟ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಇಲ್ಲಿನ ನೆರೆಯವರು ‘ನಿಮ್ಮೂರೇನಾ?’ ಎಂದು ಗಾಬರಿಯಾಗಿ ಬಂದರು. ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರು, ನಮ್ಮದು ಬೈಂದೂರಿನದು. ಮನುಷ್ಯರಿಗೆ ಹೇಳಿ ತಿಳಿಸಬಹುದು, ಯಂತ್ರಕ್ಕೆ ಗ್ರಾಮದ ಸಂಕೇತಸಂಖ್ಯೆಯೇ ಬೇಕು.

ಉಪಗ್ರಹ ಚಿತ್ರಗಳಿಂದ ನಕ್ಷೆ ರೂಪಿಸುವ, ಬೆಂಗಳೂರಿನಲ್ಲೇ ಇರುವ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಮೂರೂ ಕರಾವಳಿ ಜಿಲ್ಲೆಗಳಿಗೆ ದ್ವೀಪ, ಅಳಿವೆ ಸೇರಿಸಿದ ಕಡಲಭಾಗದ ನಕ್ಷೆಯ ಪದರವೊಂದನ್ನು ಪ್ರತ್ಯೇಕವಾಗಿ ರೂಪಿಸಿ, ಯಾವ ವರ್ಷದ ಗಡಿ ಎಂದು ನಮೂದಿಸಿ, ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಲಿ.

– ನಿವೃತ್ತ ಗ್ರಂಥಪಾಲಕ, ಬಸವನಗುಡಿ, ಬೆಂಗಳೂರು