ಮಳೆಗಾಲದ ಬಿಡುವಿನಲ್ಲಿ ನಿಮ್ಮ ಚೀಟಿ ಪೆಟ್ಟಿಗೆಯನ್ನು ಒಮ್ಮೆ ತಂದುಕೊಡಿ

ಮಲ್ಪೆ ಬಂದರಿನ ನಮ್ಮ ಗ್ರಾಹಕರಿಗೆ ನಮಸ್ಕಾರ.

ಜೂನ್ 1ರಿಂದ 61 ದಿನ ಬೋಟುಗಳು ದಡದಲ್ಲಿರುತ್ತವೆ. ತಕ್ಕಡಿಯ ಪಕ್ಕದಲ್ಲಿ ಕೂರಿಸಿರುವ, ತೂಕವನ್ನು ಚೀಟಿಯಲ್ಲಿ ಬರೆದುಕೊಡುವ ಚೀಟಿ ಪೆಟ್ಟಿಗೆಯನ್ನು ಆ ಬಿಡುವಿನಲ್ಲಿ ಅಂಗಡಿಗೆ ತನ್ನಿ. ಒಳಗಿನ ಸಾಫ್ಟ್‌ವೇರನ್ನು ಬೇರೆಯವರು ಬದಲಿಸಿದರೆ ಪೆಟ್ಟಿಗೆ ಏಳದಂತೆ ಮಾಡಿಕೊಡುತ್ತೇವೆ. ಅರ್ಧ ದಿನದ ಕೆಲಸ, ಖರ್ಚು ನಮ್ಮದು. ತಕ್ಕಡಿಯನ್ನಾಗಲಿ ಅದರ ಮುದ್ರೆಯನ್ನಾಗಲಿ ನಾವು ಮುಟ್ಟುವುದಿಲ್ಲ.

ಕಳೆದ ಸೀಸನ್ನಿನಲ್ಲಿ ಆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಒಂದು ಪೆಟ್ಟಿಗೆಯನ್ನು ಹೊರಗೆಲ್ಲೋ ರಿಪೇರಿಗೆ ಕೊಟ್ಟಾಗ ಒಳಗಿನ ಸಾಫ್ಟ್‌ವೇರೇ ಬದಲಾಗಿತ್ತು. ಬಂಗುಡೆ ಬುಟ್ಟಿಗೆ ತಕ್ಕಡಿ 42 ಕಿಲೋ ತೋರಿಸಿದರೆ ಚೀಟಿಯಲ್ಲಿ 40 ಬರುತ್ತಿತ್ತು. ನಮ್ಮ ಬ್ಲಾಕ್‌ಚೈನ್ ಟೆಸ್ಟ್‌ನೆಟ್, ಅಂದರೆ ಚೀಟಿಗಳ ಲೆಕ್ಕವನ್ನು ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಬರೆದಿಡುವ ಪ್ರಯೋಗದ ಜಾಲ, ಆ 40ನ್ನೇ ನಿಷ್ಠೆಯಿಂದ ಬರೆದುಕೊಂಡಿತು. ಒಮ್ಮೆ ಬರೆದದ್ದನ್ನು ತಿದ್ದಲು ಅದು ಬಿಡದು, ನಿಜ. ಆದರೆ ಬರುವ ಅಂಕಿಯೇ ಸುಳ್ಳಾದರೆ ಅದಕ್ಕೆ ತಿಳಿಯುವುದಿಲ್ಲ. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು. ನಷ್ಟವಾದವರ ಕ್ಷಮೆ ಕೇಳುತ್ತೇವೆ.

ಟೆಸ್ಟ್‌ನೆಟ್‌ನ ನಾಲ್ಕು ಕಂಪ್ಯೂಟರುಗಳಲ್ಲಿ ಪ್ರತಿಯೊಂದೂ ಎದ್ದ ಕೂಡಲೇ ಜೆನೆಸಿಸ್ ಎಂಬ ಮೊದಲ ಬ್ಲಾಕನ್ನು (ಲೆಕ್ಕದ ಮೊದಲ ಪುಟವನ್ನು) ಓದಿ, ಅದರ ಹ್ಯಾಶ್ (ಒಂದಕ್ಷರ ಬದಲಾದರೂ ಬದಲಾಗುವ ಗುರುತಿನ ಅಂಕಿ) ಲೆಕ್ಕ ಹಾಕಿ, ಉಳಿದವರ ಜೊತೆ ತಾಳೆ ನೋಡುತ್ತದೆ. ಒಮ್ಮೆ ನಮ್ಮ ಹುಡುಗನೊಬ್ಬ ಜೆನೆಸಿಸ್ ಫೈಲಿನಲ್ಲಿ ಒಂದು ಸೊನ್ನೆ ಹೆಚ್ಚು ಹಾಕಿದ್ದ. ನಾಲ್ಕನೆಯ ಕಂಪ್ಯೂಟರು ಎದ್ದೇನೋ ಎದ್ದಿತು, ದೀಪವೂ ಉರಿಯಿತು, ಆದರೆ ಹ್ಯಾಶ್ ತಾಳೆಯಾಗದೆ ಬೆಳಗಿನಿಂದ ಮಧ್ಯಾಹ್ನದವರೆಗೂ 'ಪಿಯರ್ಸ್ 0' (ಜೊತೆಗಾರರು ಯಾರೂ ಇಲ್ಲ) ಎಂದು ತೋರಿಸುತ್ತ ಒಂಟಿಯಾಗಿ ಕೂತಿತ್ತು. ಫೈಲ್ ಸರಿಪಡಿಸಿ ಮತ್ತೆ ಶುರು ಮಾಡಿದೆವು, ಮುಗಿಯಿತು. ಹೀಗೆ ತಪ್ಪಿ ತಿದ್ದಿಕೊಳ್ಳಲೆಂದೇ ಟೆಸ್ಟ್‌ನೆಟ್ ಇರುವುದು. 2019ರಲ್ಲಿ ಶುರುವಾಗಿದ್ದ ಇಥೀರಿಯಂ ಎಂಬ ಹೆಸರಾಂತ ಬ್ಲಾಕ್‌ಚೈನಿನ ಗೋರ್ಲಿಯಂಥ ದೊಡ್ಡ ಟೆಸ್ಟ್‌ನೆಟ್ಟನ್ನೂ ಕೈಬಿಟ್ಟು ಹೊಸದಕ್ಕೆ ಹೋದರು.

ಪೆಟ್ಟಿಗೆಗೆ ಇಷ್ಟು ಸಲಿಗೆ ಕೊಡಲಾಗದು. ಅದರೊಳಗಿನ ಇಎಸ್‌ಪಿ32-ಎಸ್3 ಚಿಪ್ಪಿನಲ್ಲಿ ಇ-ಫ್ಯೂಸ್ ಎಂಬ ಸಣ್ಣ ಫ್ಯೂಸುಗಳಿವೆ. ಒಮ್ಮೆ ಸುಟ್ಟರೆ ಮತ್ತೆ ಕೂಡುವುದಿಲ್ಲ. ಸಾಫ್ಟ್‌ವೇರಿಗೆ ಸಹಿ ಹಾಕುವ ನಮ್ಮ ಡಿಜಿಟಲ್ ಕೀಲಿಯ ಗುರುತನ್ನು ಅಲ್ಲಿ ಸುಟ್ಟು ಬರೆಯುತ್ತೇವೆ. ಆಮೇಲೆ ಸ್ವಿಚ್ ಹಾಕಿದಾಗಲೆಲ್ಲ, ಚಿಪ್ಪಿನಲ್ಲೇ ಇರುವ, ಯಾರೂ ಬದಲಿಸಲಾಗದ ರೋಮ್ (ROM) ಕೋಡ್ ಬೂಟ್‌ಲೋಡರಿನ (ಪೆಟ್ಟಿಗೆಯನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮಿನ) ಸಹಿ ನೋಡುತ್ತದೆ, ಬೂಟ್‌ಲೋಡರು ನಮ್ಮ ಸಾಫ್ಟ್‌ವೇರಿನ ಸಹಿ ನೋಡುತ್ತದೆ. ಸಹಿ ತಪ್ಪಿದರೆ ಪೆಟ್ಟಿಗೆ ಏಳುವುದೇ ಇಲ್ಲ. ಹಾಗಾಗಿ ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ, ಬೇರೆಯವರ ಕೈಗೂ ಕೊಡಬೇಡಿ, ನಮಗೆ ಫೋನ್ ಮಾಡಿ. ತಪ್ಪು ತೂಕ ಬರೆಯುವ ಪೆಟ್ಟಿಗೆಗಿಂತ ಏಳದ ಪೆಟ್ಟಿಗೆ ಮೇಲು ಎಂದೇ ಹೀಗೆ ಮಾಡಿದ್ದೇವೆ.

'ನಿಮ್ಮ ಕೀಲಿಯೇ ಕಳವಾದರೆ?' ಎಂದು ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಈ ಚಿಪ್ಪಿನಲ್ಲಿ ಮೂರು ಕೀಲಿಗಳ ಗುರುತಿಗೆ ಜಾಗವಿದೆ. ಒಂದನ್ನು ರದ್ದು ಮಾಡಿ ಇನ್ನೊಂದಕ್ಕೆ ಹೋಗಬಹುದು. ಮೂರೂ ಹೋದರೆ ಪೆಟ್ಟಿಗೆಯನ್ನೇ ಬದಲಿಸಿ ಕೊಡುತ್ತೇವೆ, ದುಡ್ಡು ಕೇಳುವುದಿಲ್ಲ.

ಆಗಸ್ಟ್ 1ರಂದು ಟೆಸ್ಟ್‌ನೆಟ್ ಹೊಸ ಜೆನೆಸಿಸ್‌ನಿಂದ ಶುರುವಾಗುತ್ತದೆ. ಹಳೆಯ ಚೀಟಿಗಳು ಅದರಲ್ಲಿ ಸಿಗುವುದಿಲ್ಲ. ಪೆಟ್ಟಿಗೆ ಕೊಡಲು ಬಂದಾಗ ನಿಮ್ಮ ಪೂರ್ತಿ ಸೀಸನ್ನಿನ ಲೆಕ್ಕವನ್ನು ಪ್ರಿಂಟ್ ತೆಗೆದು ಕೈಗೆ ಕೊಡುತ್ತೇವೆ. ಜುಲೈ 20ರೊಳಗೆ ಬನ್ನಿ. ಕೊನೆಯ ವಾರ ಬಲೆ, ಇಂಜಿನ್ ಎಂದು ಎಲ್ಲರಿಗೂ ಕೈತುಂಬ ಕೆಲಸ.

ಇತಿ,
ಚೀಟಿ ಪೆಟ್ಟಿಗೆ ಅಂಗಡಿಯವರು, ಮಲ್ಪೆ