ಸ್ಕ್ಯಾನ್ ಮಾಡುವಾಗ ನಿಮ್ಮ ಸೆಕ್ಯುರಿಟಿ ಆ್ಯಪ್ ಸ್ಟಕ್ ಆಗುತ್ತಿರುವ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಾನು ನಿಮ್ಮ ಮೊಬೈಲ್ ಸೆಕ್ಯುರಿಟಿ ಆ್ಯಪ್‌ಗೆ ದುಡ್ಡು ಕಟ್ಟಿರುವ ಚಂದಾದಾರ. ಈಚಿನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಅದರ ಅನಿಮೇಷನ್‌ಗಳು ತಡೆತಡೆದು ಓಡುತ್ತಿವೆ. ಚಾಟ್‌ನಲ್ಲಿ ದೂರು ಕೊಟ್ಟೆ. ಕ್ಯಾಶೆ ಕ್ಲಿಯರ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಅಂದರು. ಎಲ್ಲಾ ಮಾಡಿದ್ದಾಯಿತು. ಕೊನೆಗೆ "ನಿಮ್ಮ ಫೋನ್ ಹಳೆಯದಿರಬೇಕು" ಎಂದು ಚಾಟ್ ಮುಗಿಸಿದರು. ಅದಕ್ಕೇ ಈ ಪತ್ರ.

ಆಗುವುದು ಇಷ್ಟು. ಫುಲ್ ಸ್ಕ್ಯಾನ್ ಒತ್ತಿದರೆ ಹಸಿರು ಗುರಾಣಿಯ ಸುತ್ತ ಒಂದು ಉಂಗುರ ತಿರುಗುತ್ತದೆ. ಮೊದಲು ಚೆನ್ನಾಗೇ ತಿರುಗುತ್ತದೆ. ಡೌನ್‌ಲೋಡ್ ಫೋಲ್ಡರ್‌ನ ದೊಡ್ಡ ಜಿಪ್ ಫೈಲ್‌ಗಳ ಹತ್ತಿರ ಬಂತೋ, ನಿಂತುಬಿಡುತ್ತದೆ. ಶೇ 31ರಲ್ಲಿ ಕೂತ ಅಂಕಿ ಒಮ್ಮೆಲೇ ಶೇ 58ಕ್ಕೆ ಹಾರುತ್ತದೆ. ಕೆಳಗೆ ಫೈಲ್ ಹೆಸರುಗಳು ಓದೋಕೂ ಆಗದ ವೇಗದಲ್ಲಿ ಓಡುತ್ತವೆ, ಆಮೇಲೆ ಅವೂ ನಿಲ್ಲುತ್ತವೆ. ಸ್ಕ್ಯಾನ್ ನಡೀತಿದೆಯಾ, ಆ್ಯಪ್ ಹ್ಯಾಂಗ್ ಆಗಿದೆಯಾ, ಇಲ್ಲಾ ಯಾವುದಾದರೂ ವೈರಸ್ಸೇ ಇದನ್ನು ನಿಲ್ಲಿಸಿತಾ ಅಂತ ಗೊತ್ತಾಗುವುದಿಲ್ಲ.

ಬೇರೆ ಆ್ಯಪ್ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಇಲ್ಲಿ ಮಾತು ಅಂದಚೆಂದದ್ದಲ್ಲ. ಮೊನ್ನೆ ಸ್ಕ್ಯಾನ್ ನಡುವೆ ಅನುಮಾನದ ಫೈಲ್ ಸಿಕ್ಕಿದೆ ಎಂಬ ಎಚ್ಚರಿಕೆ ಬಂತು. "ಅಳಿಸಿ" ಒತ್ತಿದೆ. ಏನೂ ಆಗಲಿಲ್ಲ. ಬಟನ್ ಬಣ್ಣ ಕೂಡ ಬದಲಾಗಲಿಲ್ಲ. ಮತ್ತೆ ಒತ್ತಿದೆ. ಅಷ್ಟರಲ್ಲಿ ಪರದೆಗೆ ಜೀವ ಬಂತು. ಮೊದಲ ಒತ್ತು ಆ ಫೈಲ್ ಅಳಿಸಿತು. ಎರಡನೆಯದು, ಅದೇ ಜಾಗಕ್ಕೆ ಬಂದ ಮುಂದಿನ ಎಚ್ಚರಿಕೆಯ "ಅನುಮತಿಸಿ" ಬಟನ್ ಮೇಲೆ ಬಿತ್ತು! ಆ ಎರಡನೇ ಫೈಲ್ ನಂಬಬಹುದಾದ ಫೈಲ್‌ಗಳ ಪಟ್ಟಿಗೆ ಸೇರಿಬಿಟ್ಟಿತು. ಹುಡುಕಿ ತೆಗೆಯಬೇಕಾಯಿತು. ಕಾವಲಿಗೆಂದು ಹಾಕಿಕೊಂಡ ಆ್ಯಪ್ಪೇ ಬಾಗಿಲು ತೆರೆದುಕೊಟ್ಟರೆ ಹೇಗೆ?

ಇನ್ನು ಫೋನ್ ಹಳೆಯದು ಎಂಬ ಮಾತು. ಇದೇ ಫೋನ್‌ನಲ್ಲಿ ವಿಡಿಯೊ, ಗೇಮ್ ಎಲ್ಲಾ ಸರಾಗವಾಗಿ ಓಡುತ್ತವೆ. ಸ್ಕ್ಯಾನ್ ಇಲ್ಲದಾಗ ನಿಮ್ಮ ಆ್ಯಪ್ ಕೂಡ ಸರಿಯಾಗಿಯೇ ಇದೆ. ಫೋನ್ ಸೆಟ್ಟಿಂಗ್‌ನ ಡೆವಲಪರ್ ಆಯ್ಕೆಗಳಲ್ಲಿ ರೆಂಡರಿಂಗ್ ಪ್ರೊಫೈಲ್, ಅಂದರೆ ಪರದೆ ಚಿತ್ರಿಸಲು ಹಿಡಿಯುವ ಸಮಯದ ಗ್ರಾಫ್, ಆನ್ ಮಾಡಿ ನೋಡಿದೆ. ಒಂದೊಂದು ಫ್ರೇಮ್‌ಗೂ (ಪರದೆಯ ಒಂದೊಂದು ಚಿತ್ರಕ್ಕೂ) ಎಷ್ಟು ಸಮಯ ಹಿಡಿಯಿತೆಂದು ತೋರಿಸುವ ಒಂದೊಂದು ನಿಂತ ಪಟ್ಟಿ ಬರುತ್ತದೆ, 16 ಮಿಲಿಸೆಕೆಂಡಿನ ಹತ್ತಿರ ಹಸಿರು ಗೆರೆ ಇರುತ್ತದೆ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಪರದೆಯಲ್ಲಿ ಅಷ್ಟರೊಳಗೆ ಒಂದು ಫ್ರೇಮ್ ತಯಾರಾಗಬೇಕು. ಸ್ಕ್ಯಾನ್ ಶುರುವಾದ ಕೂಡಲೇ ನಿಮ್ಮ ಆ್ಯಪ್‌ನ ಪಟ್ಟಿಗಳು ಆ ಗೆರೆ ದಾಟಿ ಎಲ್ಲೋ ಮೇಲೆ ಹೋಗುತ್ತವೆ. 120 ಹರ್ಟ್ಸ್ (ಸೆಕೆಂಡಿಗೆ 120 ಫ್ರೇಮ್) ಪರದೆಯ ಹೊಸ ಫೋನ್ ತಗೊಂಡರೆ ಒಂದು ಫ್ರೇಮ್‌ಗೆ ಸಿಗುವ ಸಮಯ ಬರೀ 8.3 ಮಿಲಿಸೆಕೆಂಡ್. ಹೊಸ ಫೋನ್ ಇದಕ್ಕೆ ಮದ್ದಲ್ಲ, ಅಲ್ವಾ?

ನನ್ನ ಊಹೆ ಹೇಳುತ್ತೇನೆ, ನಿಮ್ಮ ಎಂಜಿನಿಯರುಗಳು ಪರೀಕ್ಷಿಸಲಿ. ಫೈಲ್ ಬಿಚ್ಚಿ ನೋಡುವ ಕೆಲಸದ ಒಂದು ಭಾಗವಾದರೂ ಪರದೆ ಚಿತ್ರಿಸುವ ಮೇನ್ ಥ್ರೆಡ್‌ನಲ್ಲೇ (ಥ್ರೆಡ್ ಅಂದರೆ ಆ್ಯಪ್‌ನೊಳಗೆ ಕೆಲಸಗಳು ಒಂದರ ಹಿಂದೆ ಒಂದು ನಡೆಯುವ ಸಾಲು) ನಡೀತಿರಬೇಕು. ಬೆರಳಿನ ಒತ್ತನ್ನು ಗಮನಿಸುವುದೂ ಅದೇ ಥ್ರೆಡ್. ಹಾಗಾಗಿ ಉಂಗುರವೂ ನಿಲ್ಲುತ್ತದೆ, ಬಟನ್ನೂ ಸಾಯುತ್ತದೆ. ಜೊತೆಗೆ ಪ್ರತಿ ಫೈಲ್ ಹೆಸರನ್ನೂ ಪರದೆಗೆ ಬರೆಯುವ ಹಟ ಯಾಕೆ? ಸೆಕೆಂಡಿಗೆ ನಾಲ್ಕೈದು ಸಲ ಬದಲಾದರೆ ಕಣ್ಣಿಗೆ ಧಾರಾಳ ಸಾಕು. ಗುರಾಣಿಗೆ ಹಾಕಿರುವ ಹೊಳಪು, ನೆರಳು, ಮಸುಕು ಎಲ್ಲಾ ಸ್ವಲ್ಪ ಜಾಸ್ತಿಯೇ ಆಯಿತು.

ಚಾಟ್‌ನಲ್ಲಿ ಇನ್ನೊಂದು ಸಲಹೆ ಕೊಟ್ಟಿದ್ದರು: ಫೋನ್ ಸೆಟ್ಟಿಂಗ್‌ನಲ್ಲಿ ಅನಿಮೇಷನ್‌ಗಳನ್ನೇ ತೆಗೆದುಬಿಡಿ ಅಂತ. ತೆಗೆದೆ. ಉಂಗುರ ಪೂರ್ತಿ ನಿಂತಿತು, ಅದರ ಜಾಗದಲ್ಲಿ ಬೇರೇನೂ ಬರಲಿಲ್ಲ. ಚಲನೆ ಕಂಡರೆ ತಲೆಸುತ್ತು ಬರುವವರು ಈ ಸೆಟ್ಟಿಂಗನ್ನು ನಿಜವಾಗಿ ಬಳಸುತ್ತಾರೆ. ಅವರಿಗೆ ಸ್ಕ್ಯಾನ್ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? "ಇಷ್ಟು ಫೈಲ್ ಆಯಿತು, ಇಷ್ಟು ಬಾಕಿ" ಎಂಬ ಒಂದು ಸಾಲಾದರೂ ಬೇಡವೇ?

ಸ್ಕ್ಯಾನ್ ಕೆಲಸವನ್ನು ಹಿನ್ನೆಲೆ ಥ್ರೆಡ್‌ಗೆ ಸರಿಸಿ. ಎಚ್ಚರಿಕೆ ಬದಲಾದಾಗ ಹಳೆಯ ಒತ್ತುಗಳು ಹೊಸ ಬಟನ್ ಮೇಲೆ ಬೀಳದಂತೆ ತಡೆಯಿರಿ. ಇದು ಮೊದಲು ಆಗಬೇಕು, ಹೊಳಪು ನೆರಳು ಆಮೇಲೆ ನೋಡಿಕೊಳ್ಳಿ. ಯಾವ ಅಪ್‌ಡೇಟ್‌ನಲ್ಲಿ ಸರಿಯಾಗುತ್ತದೆ ಎಂದು ಬರಹದಲ್ಲಿ ತಿಳಿಸಿ. ಸರಿ ಮಾಡಲು ಆಗದಿದ್ದರೆ ಚಂದಾದ ಉಳಿದ ಅವಧಿಯ ಹಣ ವಾಪಸ್ ಕೊಡಿ.

ಸ್ಕ್ರೀನ್ ರೆಕಾರ್ಡಿಂಗ್, ಫೋನ್ ಮಾದರಿ ಮತ್ತು ಆ್ಯಪ್ ಆವೃತ್ತಿಯ ವಿವರ ಲಗತ್ತಿಸಿದ್ದೇನೆ. ದಯವಿಟ್ಟು ಮತ್ತೆ ಕ್ಯಾಶೆ ಕ್ಲಿಯರ್ ಮಾಡಲು ಹೇಳಬೇಡಿ.

ಇಂತಿ,
ನಿಮ್ಮ ಚಂದಾದಾರ